ಇನ್ನೊಬ್ಬರ ಹಬ್ಬಕ್ಕೆ ಕೇಳುವವರು

ಆ ವರ್ಷ ರಂಜಾನ್ ಶುರುವಾದಾಗಿನಿಂದ ಡೆಟ್ರಾಯ್ಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸಿನ ಷರೀಫನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೌಂಟರಿನಿಂದ ಎದ್ದು ಅಂಗಡಿಯ ಹಿಂದಿನ ಗೋದಾಮಿಗೆ ಹೋಗುವನು, ಛಾವಣಿಯವರೆಗೆ ಪೇರಿಸಿದ ಅಕ್ಕಿ ಮೂಟೆಗಳನ್ನು ನೋಡುವನು, ಯಾರೋ ಬೈದಂತೆ ಮುಖ ಮಾಡಿಕೊಂಡು ತಿರುಗಿ ಬರುವನು. ಬಾಗಿಲಿನ ಗಂಟೆ ಕಿಣಿ ಎಂದರೆ ಅಂಗಡಿಕಾರನಾದವನು ಖುಷಿಪಡಬೇಕು. ಇವನು ಬೆಚ್ಚಿ ಬೀಳುತ್ತಿದ್ದ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅದರ ಉತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು, ಹೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ನಾಲಿಗೆ ಏಳದ ಮನುಷ್ಯ ಅಲ್ಲ ಅವನು. ರಾಣೆಬೆನ್ನೂರಿನ ಕಿರಾಣಿ ಅಂಗಡಿಯವರ ಮಗ. ಮಾತು ಆ ಮನೆಯಲ್ಲಿ ಬೆಲ್ಲದ ಜೊತೆ ತೂಗಿ ಕೊಡುವ ಸರಕು. ಅಮೆರಿಕಕ್ಕೆ ಬಂದ ಮೇಲೆ ಆಬರ್ನ್ ಹಿಲ್ಸಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಕೆಂಪು ಚೀಟಿ ಅಂಟಿಸುವುದೇ ಆ ನೌಕರಿ, ಅದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಕಾರಿನ ಕಂಪನಿಗಳು ಮಗುಚಿಕೊಂಡ ವರ್ಷ ನೌಕರಿ ಹೋಯಿತು, ಅಪ್ಪನ ಕಸುಬು ಕೈ ಹಿಡಿಯಿತು. ಕೆಂಪು ಚೀಟಿಯ ಅಭ್ಯಾಸ ಮಾತ್ರ ಹೋಗಲಿಲ್ಲ ಎಂದು ಹೆಂಡತಿ ಶರ್ಫುನ್ನೀಸಾ ಹೇಳುತ್ತಿದ್ದಳು. ಗಂಡ ಹೆಂಡಿರ ಮನೆಮಾತು ಉರ್ದು. ಜಗಳಕ್ಕೆ ಬಿದ್ದರೆ ಮಾತ್ರ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು, ಆ ತಿಂಗಳು ಮನೆಯಲ್ಲಿ ಕನ್ನಡವೇ ಜಾಸ್ತಿ ಕೇಳುತ್ತಿತ್ತು.

ಬಾಸ್ಮತಿ ಅಕ್ಕಿ, ಪನೀರು ಮಾರುವ ದೊಡ್ಡ ಅಂಗಡಿಗಳಿಗೆ ಅಲ್ಲಿ ಬರಗಾಲವಿಲ್ಲ. ಆದರೆ ಬ್ಯಾಡಗಿ ಮೆಣಸಿನಕಾಯಿ, ಗುರೆಳ್ಳು, ಉಂಡೆ ಬೆಲ್ಲ, ಕೈಯಲ್ಲಿ ಹೊಸೆದ ಶಾವಿಗೆ ಬೇಕಾದವರು ಷರೀಫನ ಅಂಗಡಿಗೋ ರಾಚೆಸ್ಟರ್ ಹಿಲ್ಸಿನ ಪದ್ಮಳ ಅಂಗಡಿಗೋ ಬರಬೇಕು. ಮೈಸೂರಿನ ಪದ್ಮ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸುತ್ತಿದ್ದ ಗಟ್ಟಿ ಹೆಂಗಸು. ಒಂದು ಸಣ್ಣ ಅಂಗಡಿ ತನ್ನ ಪಾಡಿಗೆ ತಾನು ಊರಿನಿಂದ ಹಡಗಿನಲ್ಲಿ ಕಂಟೇನರ್ ತರಿಸಲಾಗದು. ಅದಕ್ಕೆಂದೇ ಶಿಕಾಗೊದ ಕನ್ನಡಿಗರ ಅಂಗಡಿಗಳೂ ಡೆಟ್ರಾಯ್ಟ್ ಸುತ್ತಿನವೂ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಕಂಟೇನರ್ ಶಿಕಾಗೊದ ಗೋದಾಮಿಗೆ ಬರುವುದು, ಅಲ್ಲಿಂದ ಮಿಶಿಗನ್ನಿನ ಪಾಲು ಲಾರಿಯಲ್ಲಿ ಬರುವುದು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಶಿಕಾಗೊದಲ್ಲಿದ್ದ ಗದಗ ಸೀಮೆಯ ಕಲ್ಲಿನಾಥ. ಒಕ್ಕೂಟ ಹುಟ್ಟಿದಾಗಿನಿಂದ ಅವರೇ ಕಾರ್ಯದರ್ಶಿ.

ಕಲ್ಲಿನಾಥರು ಒಂದು ಪದ್ಧತಿ ಹಾಕಿದ್ದರು. ದಿನನಿತ್ಯದ ಸಾಮಾನು ಅವರವರೇ ಕೇಳಬೇಕು. ಹಬ್ಬದ ಸಾಮಾನು ಮಾತ್ರ ಯಾರೂ ತಮ್ಮ ಹಬ್ಬಕ್ಕೆ ತಾವು ಕೇಳಬಾರದು, ಇನ್ನೊಬ್ಬರ ಹಬ್ಬಕ್ಕೆ ಕೇಳಬೇಕು. "ತನ್ನ ಹಬ್ಬಕ್ಕ ತಾ ಕೇಳಿದ್ರ ಆಸೆ ಹೆಚ್ಚಾಗಿ ಇದ್ದಬದ್ದ ಜಾಗ ಎಲ್ಲಾ ತಗೋತಾನ. ಇನ್ನೊಬ್ಬರಿಗೆ ಕೇಳೂಮುಂದ ಅಳತಿ ಸರಿ ಇರತೈತಿ," ಎನ್ನುವುದು ಅವರ ವಾದ. ಹೀಗಾಗಿ ಪ್ರತಿ ಚಳಿಗಾಲ ಪದ್ಮ ಫೋನ್ ಮಾಡಿ, "ಷರೀಫಣ್ಣ, ಈ ಸಲ ಈದಿಗೆ ಶಾವಿಗೆ ಎಷ್ಟು ಹೇಳ್ಲಿ?" ಎಂದು ಕೇಳುವಳು; ಷರೀಫ ಅವಳ ಯುಗಾದಿಗೆ ಬೇವಿನ ಹೂವು, ಸಂಕ್ರಾಂತಿಗೆ ಸಕ್ಕರೆ ಅಚ್ಚು ಎಷ್ಟೆಂದು ವಿಚಾರಿಸಿ ಶಿಕಾಗೊಗೆ ಹೇಳುವನು. ಬೇವಿನ ಹೂವು ಕಹಿಯೋ ಸಿಹಿಯೋ ತಿಂದು ನೋಡದ ಷರೀಫನಿಗೆ ಅದು ಹೇಗೆ ಒಣಗಿರಬೇಕು ಎನ್ನುವುದು ಬಾಯಿಪಾಠವಾಗಿತ್ತು.

ಅಮೆರಿಕ ಆಮದು ಸುಂಕ ಏರಿಸಿದ ವರ್ಷ ಎಲ್ಲರ ತಲೆಯೂ ಬಿಸಿಯಾಯಿತು. ಲಾರಿ ಒಂದೆರಡು ಸಲ ತಡವಾಗಿ ಬಂತು, ಒಂದು ಸಲ ಉಪ್ಪಿನಕಾಯಿ ಭರಣಿಗಳು ಒಡೆದೇ ಬಂದವು. ಷರೀಫನೊಳಗಿನ ಇನ್‌ಸ್ಪೆಕ್ಟರ್ ಎದ್ದು ಕೂತ. ಆಬರ್ನ್ ಹಿಲ್ಸಿನಲ್ಲಿ ಹೊಸದಾಗಿ ಅಂಗಡಿ ತೆರೆದಿದ್ದ ಬೆಂಗಳೂರಿನ ಸ್ವರೂಪ ಒಕ್ಕೂಟ ಸೇರಿ ವರ್ಷವಾಗಿರಲಿಲ್ಲ, ಆಗಲೇ ಬಿಟ್ಟು ಹೋಗೋಣ ಎನ್ನುತ್ತಿದ್ದ. ಮೂರು ಅಂಗಡಿಯವರೂ, ಅವರ ಕಾಯಂ ಗಿರಾಕಿಗಳೂ ಸ್ವರೂಪನ ಮನೆಯ ಬೇಸ್‌ಮೆಂಟಿನಲ್ಲಿ ಸೇರಿದಾಗ ಷರೀಫ ಎದ್ದು ನಿಂತು ಮಾತಾಡಿದ.

"ಶಿಕಾಗೊದವರು ಉಂಡು ಕೈ ತೊಳಕೊಂಡ ಮ್ಯಾಲ ನಮಗ ಎಲಿ ಹಾಕ್ತಾರ. ಎಷ್ಟು ದಿನ ಈ ಎರಡನೇ ಪಂಕ್ತಿ ಊಟ? ನಮ್ಮ ಒಲಿ, ನಮ್ಮ ಅಡಗಿ. ಮೊದಲನೇ ಪಂಕ್ತ್ಯಾಗ ಕುಂಡ್ರೂಣು!"

ಜನ ಚಪ್ಪಾಳೆ ತಟ್ಟಿದರು. ಎರಡನೇ ಪಂಕ್ತಿ ಎನ್ನುವ ಮಾತು ಊರೆಲ್ಲ ಓಡಾಡಿತು. ಸ್ವರೂಪ, "ಬ್ರಿಟನ್‌ನವರೇ ಯೂರೋಪ್ ಬಿಟ್ಟು ಬಂದ್ರು, ನಮ್ದೇನು ಮಹಾ!" ಎಂದ. ಪದ್ಮ ಒಬ್ಬಳೇ, "ಬಿಟ್ಟು ಬಂದು ಇವತ್ತಿಗೂ ಯಾರ ತಪ್ಪು ಅಂತ ಕಿತ್ತಾಡ್ತಿದಾರಲ್ಲಪ್ಪ," ಎಂದಳು. ಆಮೇಲೆ, "ಹಬ್ಬದ್ದು ಹೇಗೆ? ಮೊದಲಿನ ಹಾಗೇನಾ?" ಎಂದು ಕೇಳಿದಳು. ಚಪ್ಪಾಳೆಯ ಕಾವಿನಲ್ಲಿದ್ದ ಷರೀಫ, "ಅವೆಲ್ಲ ಶಿಕಾಗೊದ ಆಟ ಬಿಡ್ರಿ ಪದ್ಮಕ್ಕ. ಇನ್ನ ಮ್ಯಾಲ ಅವರವರ ಹಬ್ಬಕ್ಕ ಅವರವರೇ ಕೇಳೋದು. ಅದ ನ್ಯಾಯ," ಎಂದುಬಿಟ್ಟ. ಅದಕ್ಕೂ ಚಪ್ಪಾಳೆ ಬಿತ್ತು, ಯಾರೋ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು.

ಮೂರು ಅಂಗಡಿಗಳೂ ಒಕ್ಕೂಟ ಬಿಟ್ಟು ತಮ್ಮದೇ ಕಂಟೇನರ್ ತರಿಸುವುದೆಂದಾಯಿತು, ಆರ್ಡರ್ ಹಾಕುವ ಹೊಣೆ ಸ್ವರೂಪನದಾಯಿತು. ಅವನು ಫೋನ್ ಮಾಡಿ ಏನೇನು ಬೇಕು ಎಂದಾಗ ಷರೀಫ ಬೇಳೆ, ಮೆಣಸಿನಕಾಯಿ, ಗುರೆಳ್ಳು ಎಲ್ಲ ಹೇಳಿದ. ಈದಿನ ಶಾವಿಗೆಗೆ ಬಂದಾಗ ಅಲ್ಲಿಗೇ ನಿಲ್ಲಿಸಿದ. ಇಷ್ಟು ವರ್ಷ ಬಾಯಿಬಿಟ್ಟು ತನ್ನ ಹಬ್ಬಕ್ಕೆ ಕೇಳಿದವನಲ್ಲ. ಕೇಳುವುದು ಪಂಕ್ತಿಯಲ್ಲಿ ಕೂತು ತನ್ನೆಲೆಗೆ ತಾನೇ ಹೋಳಿಗೆ ಬಡಿಸಿಕೊಂಡಷ್ಟು ನಾಚಿಕೆ ಎನಿಸಿತು. "ಉಳಿದದ್ದು ನೀವೇ ನೋಡ್ರಿ," ಎಂದ. ಪದ್ಮಳ ಬೇವಿನ ಹೂವು ನೆನಪಾಗದೆ ಇರಲಿಲ್ಲ. ಆದರೆ ಅವರವರೇ ಕೇಳಲಿ ಎಂದು ಸಾರಿದವನು ತಾನೇ ಅಲ್ಲವೇ ಎಂದು ಸುಮ್ಮನಾದ. ಅತ್ತ ಪದ್ಮಳಿಗೂ ಅದೇ ನಾಚಿಕೆ, ಅದೇ ಬಿಗುಮಾನ. ಅವಳೂ "ಉಳಿದದ್ದು ನೀವೇ ನೋಡಿ" ಎಂದಳು. ಸ್ವರೂಪನ ಗಿರಾಕಿಗಳು ಕಾಲೇಜು ಹುಡುಗರು, ಅವನಿಗೆ ಹಬ್ಬದ ಗೊಡವೆಯಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಕೇಳಿಸಿಕೊಂಡ. ಖಾಲಿ ಉಳಿದ ಜಾಗಕ್ಕೆಲ್ಲ, ಕೆಡುವುದಿಲ್ಲ ಎಂದು, ಅಕ್ಕಿ ತುಂಬಿಸಿದ.

ಆ ವರ್ಷ ಯುಗಾದಿ ಗುರುವಾರ, ಈದ್ ಮರುದಿನವೇ. ಫೆಬ್ರವರಿಯ ಹಿಮದಲ್ಲಿ ಕಂಟೇನರ್ ಬಂದು ಬಾಗಿಲು ತೆಗೆದಾಗ ಮೂವರೂ ಮುಂದೆ ನಿಂತಿದ್ದರು. ಅಕ್ಕಿ. ಅದರ ಹಿಂದೆ ಬೇಳೆ, ಮೆಣಸಿನಕಾಯಿ. ಅದರ ಹಿಂದೆ ಮತ್ತೆ ಅಕ್ಕಿ. ಪದ್ಮ ಒಳಗೆ ಹತ್ತಿ ಕೊನೆಯ ಗೋಡೆ ಮುಟ್ಟಿ ಬಂದಳು. ಕೆಳಗಿಳಿದು ಷರೀಫನ ಮುಖ ನೋಡಿದಳು. ಆ ನೋಟವನ್ನು ತಪ್ಪಿಸಿಕೊಳ್ಳಲು ಷರೀಫ ಬೂಟಿನ ಹಿಮ ಒದರಿಕೊಳ್ಳತೊಡಗಿದ.

ಗಿರಾಕಿಗಳು ಬರತೊಡಗಿದರು. ಶಾವಿಗೆ ಎಲ್ಲಿ? ಚಾರೋಳಿ ಎಲ್ಲಿ? ಬೇವಿನ ಹೂವು ಬಂತಾ? ಡಿಯರ್ಬೋರ್ನಿನ ಅರಬರ ಅಂಗಡಿಗಳಲ್ಲಿ ಖರ್ಜೂರ ರಾಶಿ ರಾಶಿ ಸಿಗುತ್ತದೆ, ಕೈ ಶಾವಿಗೆ ಎಲ್ಲಿ ಸಿಗಬೇಕು! ಮೊದಲನೆಯವನಿಗೆ ಷರೀಫ "ಬರತೈತ್ರಿ" ಎಂದ. ಎರಡನೆಯವನು ಬಂದಾಗ ತಪ್ಪನ್ನು ಬಂದರಿನ ಮೇಲೆ ಹಾಕಿದ. ಮೂರನೆಯವರು ನೊವಾಯ್‌ನ ಡಾಕ್ಟರೊಬ್ಬರು, ಬಿಡದೆ ಕೇಳಿದಾಗ ಅವನ ಬಾಯಿಂದ ಅರ್ಧ ಮಾತು ಜಾರಿತು.

"ಬಿಟ್ಟು ಬಂದ ಮ್ಯಾಲ ಶಿಕಾಗೊದವರು ಸುಮ್ಮನಿರ್ತಾರೇನ್ರಿ?"

ಅಷ್ಟೇ. ಹುಬ್ಬು ಸ್ವಲ್ಪ ಏರಿಸಿದ್ದ, ಅದೂ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇವನು ಮುನ್ನೂರು ಮೈಲಿ ಆಚೆಯ ನೆಲವನ್ನು ಡೊಂಕು ಎಂದ. ವಾರ ಕಳೆಯುವುದರಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಆ ಅರ್ಧ ಮಾತು ಪೂರ್ತಿಯಾಗಿತ್ತು. ಕಲ್ಲಿನಾಥರು ಊರಿನ ರಫ್ತಿನವರಿಗೆ ಫೋನ್ ಮಾಡಿ ಮಿಶಿಗನ್ನಿಗೆ ಹಬ್ಬದ ಸಾಮಾನು ಕೊಡಬೇಡಿ ಎಂದರಂತೆ. ಸ್ವರೂಪ ಅದನ್ನು ಇಲ್ಲವೆನ್ನಲಿಲ್ಲ. ಇಲ್ಲವೆಂದರೆ ಆರ್ಡರ್ ಹಾಕಿದವನು ಯಾರು ಎಂಬ ಪ್ರಶ್ನೆ ಏಳುತ್ತಿತ್ತಲ್ಲ.

ಷರೀಫನಿಗೆ ಆ ಮೆಸೇಜು ಓದಿ ಮೊದಲು ಹಗುರವಾಯಿತು, ಮರುಗಳಿಗೆ ಅವನು ಫೋನನ್ನು ಬೋರಲಾಗಿ ಇಟ್ಟ. ಇಫ್ತಾರಿಗೆ ಕೂತರೆ ಖರ್ಜೂರ ಬಾಯಲ್ಲಿ ತಿರುಗುತ್ತಿತ್ತು. ಡೆಟ್ರಾಯ್ಟಿನಲ್ಲಿ ಕಾನೂನು ಓದುತ್ತಿದ್ದ ಮಗಳು ಇರಮ್, "ಅಬ್ಬಾಜಾನ್, ಡಿಡ್ ಕಲ್ಲಿನಾಥ ಅಂಕಲ್ ರಿಯಲಿ ಡೂ ಇಟ್?" ಎಂದು ಕೇಳಿದಳು.

"ಜನಾ ಅಂತಾರ," ಎಂದ ಷರೀಫ.

ಶರ್ಫುನ್ನೀಸಾ ಸೌಟು ಕೆಳಗಿಟ್ಟು ಕನ್ನಡಕ್ಕೆ ಇಳಿದಳು. "ಜನಾ ಅಂತಾರಾ? ಆ ಜನಾ ಯಾರು, ನನಗ ಗೊತ್ತಿಲ್ಲೇನು? ನಿಮ್ಮ ಈದಿಗೆ ನೀವು ಕೇಳಲಿಲ್ಲ, ಪದ್ಮಕ್ಕನ ಯುಗಾದಿಗೂ ಕೇಳಲಿಲ್ಲ. ರೋಜಾ ಹಿಡದು ಬಾಯಾಗ ನೀರು ಹಾಕ್ಕೊಳ್ಳಂಗಿಲ್ಲ. ಸುಳ್ಳು ಹಾಕ್ಕೋಬಹುದೇನು?"

"ನಾ ಏನೂ ಹೇಳಿಲ್ಲ. ಬರೇ ಒಂದು ಮಾತು ಕೇಳೀನಿ."

"ಕೇಳಿದ್ದಲ್ಲ ಅದು, ಹಚ್ಚಿದ್ದು," ಎಂದು ಅವಳು ಎದ್ದು ಹೋದಳು.

ಮುಂದಿನ ವಾರ ಇನ್ನೊಂದು ಸುದ್ದಿ ಬಂತು. ಶಿಕಾಗೊದ ಒಕ್ಕೂಟದವರಿಗೂ ಆ ಮೆಸೇಜು ಮುಟ್ಟಿತ್ತು, ಅವರು ಕಲ್ಲಿನಾಥರನ್ನು ಕೂರಿಸಿಕೊಂಡು ನಿಜ ಹೇಳಿ ಎಂದು ಕೇಳಲಿದ್ದರು. ಷರೀಫ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಶಿಕಾಗೊಗೆ ಹೋಗಲು ಕಾರು ಹತ್ತಿದ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಆನ್ ಆರ್ಬರಿನಲ್ಲಿ ತಪ್ಪು ಪೂರ್ತಿ ತನ್ನದಾಗಿತ್ತು. ಕಲಮಜೂ ದಾಟುವಾಗ ಅರ್ಧ ಸ್ವರೂಪನದಾಯಿತು. ಇಂಡಿಯಾನಾ ಗಡಿಯ ಹೊತ್ತಿಗೆ ಪದ್ಮಳದೂ ಒಂದು ಪಾಲಿತ್ತು. ನಾಚಿಕೆಯಾಗಿ ಮತ್ತೆ ಮೊದಲಿನಿಂದ ಶುರುಮಾಡಿದ. ಬೇಡದ ಎಕ್ಸಿಟ್ಟಿನಲ್ಲಿ ಇಳಿದು ಪೆಟ್ರೋಲ್ ಬಂಕಿನ ಸುತ್ತ ಒಂದು ಸುತ್ತು ನಡೆದು ಮತ್ತೆ ಹತ್ತಿದ.

ಕಲ್ಲಿನಾಥರು ಗೋದಾಮಿನ ಆಫೀಸು ಕೋಣೆಯಲ್ಲಿ ತಮ್ಮ ಟೇಬಲ್ ಖಾಲಿ ಮಾಡುತ್ತಿದ್ದರು. ಬಸವಣ್ಣನ ಪಟ, ಕನ್ನಡಕದ ಡಬ್ಬಿ, ಒಂದು ಸ್ವೆಟರ್, ಎಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ಸೇರಿದ್ದವು.

"ಬಾ ಷರೀಫಾ. ಚಹಾ ಕೇಳೂದಿಲ್ಲ, ರೋಜಾ ಇರ್ತಿ. ಕುಂಡ್ರು," ಎಂದರು.

ಷರೀಫ ಕೂರಲಿಲ್ಲ. "ಮೀಟಿಂಗ್ ಯಾವಾಗ್ರಿ ಅಣ್ಣಾರ? ನಾ ಬಂದು ಹೇಳ್ತೀನಿ. ನೀವು ಏನೂ ಮಾಡಿಲ್ಲ ಅಂತ ಎಲ್ಲಾರ ಮುಂದ ಹೇಳ್ತೀನಿ."

"ಮುಗೀತು. ನಿನ್ನೆನೇ ಆತು."

"ಏನಂದ್ರು?"

"ನೀವು ಹಿಂಗ ಮಾಡೀರೇನು ಅಂತ ಕೇಳಿದ್ರು. ಹತ್ತಿರದವರೇ. ಇಷ್ಟು ವರ್ಷ ಜೋಡಿ ಉಂಡವರು. ಆ ಪ್ರಶ್ನೆ ಹುಟ್ಟಿದ ಮ್ಯಾಲ ಈ ಕುರ್ಚಿ ನಂದಲ್ಲ ಅಂತ ಎದ್ದೆ." ಸ್ವೆಟರನ್ನು ಮಡಚಿ ಮಡಚಿ ಇಟ್ಟರು. ಷರೀಫನಿಗೆ ಅಳು ಬಂದಂತಾಯಿತು.

"ಈಗ ಕರೀರಿ ಎಲ್ಲಾರನ್ನೂ. ಈಗಿಂದೀಗ ಹೇಳ್ತೀನಿ, ತಪ್ಪು ನಂದು ಅಂತ."

ಕಲ್ಲಿನಾಥರು ಅವನನ್ನು ನೋಡಿದರು. ಸಿಟ್ಟಿರಲಿಲ್ಲ, ಅದೇ ಕಷ್ಟ. "ಇಲ್ಲಿ ಹೇಳಿ ಏನು ಮಾಡ್ತೀ ತಮ್ಮಾ? ಮಾತು ಹುಟ್ಟಿದ್ದು ಇಲ್ಲೇನು? ಎಲ್ಲಿ ಹುಟ್ಟೇತಿ, ಎಲ್ಲಿ ನಂಬ್ಯಾರ, ಅಲ್ಲಿ ಹೇಳು. ಇಲ್ಲಿ ಹೇಳೂದು ಸಸಾರ. ನಾಳೆ ಇವರ ಮುಖ ನೀ ನೋಡೂದಿಲ್ಲ."

ಷರೀಫ ತಿರುಗಿ ಬಂದ. ದಾರಿಯಲ್ಲಿ ಬಾಯಿಪಾಠ ಮಾಡಲು ಏನೂ ಇರಲಿಲ್ಲ.

ಯುಗಾದಿ ಬಂತು, ಈದ್ ಬಂತು. ಶರ್ಫುನ್ನೀಸಾ ಪ್ಯಾಕೆಟ್ಟಿನ ಶಾವಿಗೆಯಲ್ಲಿ ಶೀರ್ ಖುರ್ಮಾ ಮಾಡಿದಳು, ಅದು ಅಂಟಂಟಾಯಿತು. ಅದನ್ನೇ ತಿಂದರು. ಶನಿವಾರ ಕನ್ನಡ ಸಂಘದವರ ಯುಗಾದಿ ಕಾರ್ಯಕ್ರಮ, ಹೈಸ್ಕೂಲೊಂದರ ಆಡಿಟೋರಿಯಮ್ಮಿನಲ್ಲಿ. ಬಾಗಿಲಲ್ಲಿ ಬೇವುಬೆಲ್ಲ ಹಂಚುತ್ತಿದ್ದರು. ಬೇವಿನ ಹೂವಿಲ್ಲದೆ ಬೆಲ್ಲಕ್ಕೆ ಮೆಂತ್ಯದ ಪುಡಿ ಬೆರೆಸಿದ್ದರು. ಮಕ್ಕಳು ಮುಖ ಸಿಂಡರಿಸಿ ಇಂಗ್ಲಿಷಿನಲ್ಲಿ ಛೀ ಎನ್ನುತ್ತಿದ್ದವು.

ಅಂದು ಸನ್ಮಾನ ಇದ್ದದ್ದು ಷರೀಫನಿಗೇ. ಮಿಶಿಗನ್ನಿನ ಅಂಗಡಿಗಳನ್ನು ಎರಡನೇ ಪಂಕ್ತಿಯಿಂದ ಎಬ್ಬಿಸಿದವನು ಎಂದು ಶಾಲು, ಹಾರ, ಒಂದು ಗಂಧದ ಗಣಪತಿ. ಎರಡು ತಿಂಗಳ ಹಿಂದೆಯೇ ನಿಶ್ಚಯವಾದದ್ದು, ಬೇಡ ಎನ್ನಲು ಧೈರ್ಯವಾಗಿರಲಿಲ್ಲ. ಸ್ವರೂಪ ಶಾಲು ಹಿಡಿದು ಪಕ್ಕದಲ್ಲಿ ನಿಂತು ಕಿವಿಯಲ್ಲಿ ಹೇಳಿದ: "ಷರೀಫ್ ಭಾಯ್, ಜಸ್ಟ್ ಎರಡು ನಿಮಿಷ. ಶಿಕಾಗೊ ಬಗ್ಗೆ ಒಂದು ಲೈನ್ ಹೇಳ್ಬಿಡಿ, ಜನ ಅದಕ್ಕೇ ವೇಟ್ ಮಾಡ್ತಿದಾರೆ."

ಷರೀಫ ಮೈಕಿನ ಮುಂದೆ ನಿಂತ. ಮುಂದಿನ ಸಾಲಿನಲ್ಲಿ ಪದ್ಮ, ಅವಳ ಪಕ್ಕ ಊರಿನಿಂದ ಬಂದಿದ್ದ ಅವಳ ಅತ್ತೆ ಚಿಕ್ಕತಾಯಮ್ಮ. ಹಿಂದೆ ನೊವಾಯ್‌ನ ಡಾಕ್ಟರು. ಕೊನೆಯಲ್ಲಿ ಶರ್ಫುನ್ನೀಸಾ, ಇರಮ್. ಎಲ್ಲ ನಾಳೆ ಮತ್ತೆ ಅಂಗಡಿಯ ಗಂಟೆ ಬಾರಿಸುವ ಮುಖಗಳೇ.

"ಎಲ್ಲಾರಿಗೂ ನಮಸ್ಕಾರ. ಒಂದು ಲೈನ್ ಹೇಳು ಅಂದಾರ, ಹೇಳ್ತೀನಿ. ಶಿಕಾಗೊದವರು ಏನೂ ಮಾಡಿಲ್ಲ."

ಸಭೆ ನಗಬೇಕೋ ಬೇಡವೋ ತಿಳಿಯದೆ ಕೂತಿತು.

"ನಮ್ಮ ಕಂಟೇನರಿನ್ಯಾಗ ಶ್ಯಾವಿಗಿ ಬರಲಿಲ್ಲ, ಯಾಕಂದ್ರ ಯಾರೂ ಕೇಳಿದ್ದಿಲ್ಲ. ಬೇವಿನ ಹೂವು ಬರಲಿಲ್ಲ, ಅದನ್ನೂ ಯಾರೂ ಕೇಳಿದ್ದಿಲ್ಲ. ಮೊದಲ ಒಬ್ಬರಿಗೊಬ್ಬರು ಕೇಳ್ತಿದ್ವಿ. ಅದನ್ನ ತಗೀರಿ ಅಂದವ ನಾನು. ಸ್ವರೂಪಗ ಆ ಪದ್ಧತಿ ಗೊತ್ತಿದ್ದಿಲ್ಲ, ಅವರ ತಪ್ಪಲ್ಲ. ಆಮ್ಯಾಲ ಕಲ್ಲಿನಾಥ ಅಣ್ಣಾರ ಮ್ಯಾಲ ಮಾತು ಹಚ್ಚಿದವನೂ ನಾನು. ಡಾಕ್ಟರ್ ಸಾಹೇಬ್ರು ಅಲ್ಲಿ ಕುಂತಾರ, ಅವರ ಮುಂದ ಹಚ್ಚೀನಿ. ಅಣ್ಣಾರು ಕುರ್ಚಿ ಬಿಟ್ಟಾರ ನನ್ನ ಸಲುವಾಗಿ. ಉಪ್ಪು ತಿಂದವ ನೀರು ಕುಡೀಬೇಕು, ಕುಡೀತೀನಿ. ಶಾಲು ಒಳಗಿಡ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಬೈಯಲೂ ಇಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಡಾಕ್ಟರು ಫೋನ್ ನೋಡತೊಡಗಿದರು. ಸ್ವರೂಪ ಶಾಲನ್ನು ಮತ್ತೆ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ. ಚಿಕ್ಕತಾಯಮ್ಮನ ದನಿ ಮೈಕಿಲ್ಲದೆಯೇ ಕೇಳಿಸಿತು.

"ಅದೆಲ್ಲ ಸರಿ ಕಣಪ್ಪ. ಒಪ್ಕಂಡೆ, ಒಳ್ಳೇದಾಯ್ತು. ಬರೋ ವರ್ಷ ಬೇವಿನ ಹೂವ ಯಾರ್ ತರುಸ್ತೀರಿ, ಅದ ಹೇಳು."

ಷರೀಫ ಮೈಕು ಬಿಟ್ಟು ಇಳಿದು ನೇರ ಹೊರಗೆ ಪಾರ್ಕಿಂಗಿಗೆ ನಡೆದ. ಬಿಸಿಲಿತ್ತು, ಮೂಲೆಗಳಲ್ಲಿ ಕೊಳಕು ಹಿಮ ಇನ್ನೂ ಉಳಿದಿತ್ತು. ಕಾರುಗಳ ನಡುವೆ ಅತ್ತಿಂದಿತ್ತ ಓಡಾಡುತ್ತಲೇ ಶಿಕಾಗೊಗೆ ಫೋನ್ ಮಾಡಿದ.

"ಹೇಳಿದೆ ಅಣ್ಣಾರ. ಹುಟ್ಟಿದಲ್ಲೇ ಹೇಳಿದೆ."

"ಹೂಂ," ಎಂದರು ಕಲ್ಲಿನಾಥ.

"ಇನ್ನೊಂದು. ನಮಗ ಏನೂ ಬ್ಯಾಡ. ಪದ್ಮಕ್ಕಗ ಬರೂ ಯುಗಾದಿಗೆ ಬೇವಿನ ಹೂವು ಬೇಕ್ರಿ. ನಿಮ್ಮ ಕಂಟೇನರಿನ್ಯಾಗ ಆಕಿಗೆ ಒಂದು ಮೂಲಿ ಕೊಡಸ್ರಿ. ಹೊರಗಿನವರ ರೇಟ್ ಹಾಕಲಿ, ಬ್ಯಾಡ ಅನ್ನೂದಿಲ್ಲ."

"ಇನ್ನೊಬ್ಬರ ಹಬ್ಬಕ್ಕ ಕೇಳಿದೆಲ್ಲೋ. ಛಲೋ ಆತು. ಆದರ ನನ್ನ ಕೇಳಿ ಉಪಯೋಗಿಲ್ಲ. ಇಲ್ಲಿ ಹೊಸಬರು ಬಂದಾರ. ಮೊದಲನೇ ಮೀಟಿಂಗಿನ್ಯಾಗ ಆ ಪದ್ಧತಿ ತಗದುಬಿಟ್ರು. ಇನ್ನ ಮ್ಯಾಲ ಯಾರಿಗೂ ಯಾರೂ ಕೇಳೂ ಹಂಗಿಲ್ಲ."

"ತಗದ್ರಾ? ಯಾಕ್ರಿ?"

"ಅವರವರ ಹಬ್ಬಕ್ಕ ಅವರವರೇ ಕೇಳೋದು, ಅದ ನ್ಯಾಯ ಅಂತ. ಮಿಶಿಗನ್ನಿನ್ಯಾಗ ಯಾರೋ ಭಾಳ ಛಂದ ಮಾತಾಡ್ಯಾರಂತ, ಅದರ ವಿಡಿಯೋ ಎಲ್ಲಾರೂ ನೋಡ್ಯಾರ."

ಕಲ್ಲಿನಾಥರ ದನಿಯಲ್ಲಿ ಕುಹಕವಿರಲಿಲ್ಲ. ಆಯಾಸವಿತ್ತು, ಅಷ್ಟೇ. ಮೈಗೆ ಜೋಪಾನ ಎಂದು ಹೇಳಿ ಫೋನಿಟ್ಟರು. ಷರೀಫನ ಓಡಾಟ ನಿಂತಿತು. ಎಷ್ಟೋ ವಾರಗಳ ಮೇಲೆ ಅವನ ಕಾಲುಗಳು ಒಂದು ಕಡೆ ನಿಂತಿದ್ದವು, ಅದು ನೆಮ್ಮದಿಯಿಂದ ಅಲ್ಲ.

ಸಭೆಯ ಬಾಗಿಲು ತೆರೆದು ಪದ್ಮ ಹೊರಗೆ ಬಂದಳು. ಸೀರೆಯ ಮೇಲೆ ಕೋಟು ಎಳೆದುಕೊಳ್ಳುತ್ತ ಅವನ ಹತ್ತಿರ ಬಂದು ನಿಂತಳು. "ಅಲ್ಲಿ ನಂದೂ ಒಂದು ಪಾಲು ಇತ್ತು, ಅದನ್ನ ಯಾಕೆ ಹೇಳ್ಲಿಲ್ಲ ಷರೀಫಣ್ಣ?" ಎಂದಳು. ಅವನ ಕೈಯಲ್ಲಿದ್ದ ಫೋನಿನತ್ತ ಕಣ್ಣು ಹಾಯಿಸಿದಳು. "ಶಿಕಾಗೊನಾ? ನನ್ನ ಬೇವಿನ ಹೂವು ಕೇಳಿದ್ರಾ? ಏನಂದ್ರು?"

"ಆಗೂದಿಲ್ಲಂತ, ಪದ್ಮಕ್ಕ."

"ಯಾಕಂತೆ? ಬೇಡ ಅಂದೋರು ಯಾರು?"

ಷರೀಫ ಅವಳ ಮುಖ ನೋಡಿದ. ಈ ಸಲ ಬೂಟಿನ ಹಿಮ ಒದರಲಿಲ್ಲ.

"ನಾನು," ಎಂದ.